ಮುಚ್ಚಲು ಬರುವ ಬಾಗಿಲು

ವಸತಿ ಕೊರತೆ ಅಳೆಯುವ ಇಲಾಖೆಯಲ್ಲಿ ಅವನಿಗೆ ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ಕೋಣೆರಾಯ’. ಈ ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು. ಬೇಜಾರಾಗಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಾಗಿತ್ತು. ಕೋಣೆ ಅಂದರೇನು ಎನ್ನುವ ಪ್ರಶ್ನೆಗೆ ದೇಶಕ್ಕೆಲ್ಲ ಉತ್ತರ ಬರೆದುಕೊಟ್ಟವನು ಅವನೇ ತಾನೆ?

ನಗಬೇಡಿ, ಅದು ಸಣ್ಣ ಕೆಲಸವಲ್ಲ. ಅವನು ಬರೆಯುವುದಕ್ಕೆ ಮುಂಚೆ ಒಂದೊಂದು ಊರಿನ ಪುರಸಭೆಯೂ ತನಗೆ ತೋಚಿದ್ದನ್ನು ಕೋಣೆ ಎನ್ನುತ್ತಿತ್ತು. ಒಂದು ಊರಿನಲ್ಲಿ ಹಗ್ಗದ ಮೇಲೆ ಹೊದಿಕೆ ಇಳಿಬಿಟ್ಟರೆ ಆಚೆಗೊಂದು ಕೋಣೆ, ಈಚೆಗೊಂದು ಕೋಣೆ. ಇನ್ನೊಂದರಲ್ಲಿ ಮೆಟ್ಟಿಲ ಕೆಳಗಿನ ಸಂದಿಗೆ ‘ಓದುವ ಕೋಣೆ’ ಎಂಬ ಬಿರುದು. ಮತ್ತೊಂದು ಊರಿನವರು ಬಾಲ್ಕನಿಯನ್ನು ‘ಗಾಳಿ ಕೋಣೆ’ ಎಂದು ಬರೆದು ಕಳಿಸಿದ್ದರು. ಇದನ್ನೆಲ್ಲ ನೋಡಿ ತಲೆಕೆಟ್ಟು ಅವನು ಒಂದು ಇಡೀ ಬೇಸಿಗೆ ಕುಳಿತು, ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಒಂದೇ ಒಂದು ಸಾಲು ಉಳಿಸಿದ್ದ: ‘ಸುತ್ತ ಮರೆ, ಮುಚ್ಚಲು ಬರುವ ಬಾಗಿಲು, ಇವೆರಡೂ ಇದ್ದರೆ ಅದು ಕೋಣೆ.’

“ಉದ್ದ ಅಗಲ ಬೇಡ್ವಾ ಸಾರ್?” ಎಂದು ಕಿರಿಯ ಸಹೋದ್ಯೋಗಿ ಕೇಳಿದ್ದಳು.

“ಉದ್ದ ಅಗಲ ಅಂದ್ರೆ ಟೇಪು ಹಿಡೀತಾರೆ. ಟೇಪು ಹಿಡಿದ್ರೆ ಎಳೀತಾರೆ. ಬಾಗಿಲು ಹಾಗಲ್ಲ. ಮುಚ್ಚುತ್ತೆ, ಇಲ್ಲ ಮುಚ್ಚಲ್ಲ. ಜಗಳಕ್ಕೆ ಜಾಗಾನೇ ಇಲ್ಲ.”

ಆಗ ಎಲ್ಲರೂ ತಲೆದೂಗಿದ್ದರು. ತಲೆದೂಗುವುದು ಆ ಇಲಾಖೆಯಲ್ಲಿ ಸುಲಭದ ಕೆಲಸ.

ಅಳತೆಯ ಕಥೆ ಇಷ್ಟು. ಪ್ರತಿ ಊರಿನಲ್ಲಿ ಒಂದು ಕೋಣೆಗೆ ಎಷ್ಟು ಜನ, ಸೂರು ಸೋರುತ್ತದೆಯೋ ಇಲ್ಲವೋ, ಗೋಡೆಗೆ ಶೀತ ಹಿಡಿದಿದೆಯೋ, ಶೌಚಾಲಯ ಸ್ವಂತದ್ದೋ ಹಂಚಿಕೊಂಡದ್ದೋ, ಇದನ್ನೆಲ್ಲ ಕೂಡಿಸಿ ಊರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಸಾಲಿನ ಕೊನೆಯ ಹತ್ತು ಊರುಗಳಿಗೆ ಸರ್ಕಾರವೇ ಹೊಸ ಮನೆಗಳನ್ನು ಕಟ್ಟಿಸಿಕೊಡುತ್ತಿತ್ತು. ಕೆಳಗೆ ಬಿದ್ದವರಿಗೆ ಬಹುಮಾನ ಸಿಗುವ ಆಟ ಲೋಕದಲ್ಲಿ ಇದೊಂದೇ ಇರಬೇಕು. ಅಷ್ಟರಲ್ಲಿ ಹೊಸ ಮಂತ್ರಿಗಳು ಬಂದರು. ಬಂದವರು ಸುಮ್ಮನಿರದೆ, ಒಂದೇ ವರ್ಷದಲ್ಲಿ ಅತಿ ಹೆಚ್ಚು ಮೇಲೇರಿದ ಊರಿಗೆ ಬೆಳ್ಳಿಯ ಫಲಕ, ಅದರ ಆಯುಕ್ತರಿಗೆ ಬಡ್ತಿ ಎಂದು ಘೋಷಿಸಿಬಿಟ್ಟರು. ಅಲ್ಲಿಗೆ ಆಟ ಎರಡಾಯಿತು. ಕೆಳಗೆ ಉಳಿದರೆ ಜನಕ್ಕೆ ಮನೆ, ಮೇಲೇರಿದರೆ ಆಯುಕ್ತರಿಗೆ ಬಡ್ತಿ. ಯಾರು ಗೆಲ್ಲುತ್ತಾರೆ ಎಂದು ಕೇಳುವವರು ಪುರಸಭೆಯ ಮೆಟ್ಟಿಲು ಹತ್ತಿದವರಲ್ಲ.

ಕೋಣೆರಾಯನ ಅಕ್ಕ ಇದ್ದ ಊರು ಆ ಸಾಲಿನಲ್ಲಿ ಯಾವಾಗಲೂ ಕೊನೆಯ ಹತ್ತರೊಳಗೇ ಇರುತ್ತಿತ್ತು. ಅವಳ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಭಾವ ದರ್ಜಿ, ಅವರ ಹೊಲಿಗೆ ಮಿಷನ್ನು ಕಿಟಕಿಯ ಬೆಳಕನ್ನೆಲ್ಲ ತಾನೇ ತೆಗೆದುಕೊಂಡು ಕೂತಿರುತ್ತಿತ್ತು. ಹಿರಿಯವಳಾದ ಮಗಳು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಗಲಿಡೀ ಆ ಮಿಷನ್ನಿನ ಕಟಕಟ ಸದ್ದಿನಲ್ಲೇ ನಿದ್ದೆ ಮಾಡಲು ಒದ್ದಾಡುತ್ತಿದ್ದಳು. ಇಬ್ಬರು ಗಂಡುಮಕ್ಕಳು ಬಾಗಿಲ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದರು. ಹೊಸ ಮನೆಗೆ ಅಕ್ಕ ಅರ್ಜಿ ಹಾಕಿ ವರ್ಷಗಳೇ ಆಗಿದ್ದವು. ಈ ಸಲ ಆ ಊರಿನ ಸರದಿಯಲ್ಲಿ ಅವಳ ಹೆಸರು ಮೊದಲ ಸಾಲಿಗೆ ಬಂದಿತ್ತು. ಊರು ಕೊನೆಯ ಹತ್ತರಲ್ಲಿ ಉಳಿದರೆ ಸಾಕು, ಮನೆ ಅವಳದು.

“ಎರಡು ಕೋಣೆ ಕಣೋ,” ಎಂದು ಫೋನಿನಲ್ಲಿ ಹೇಳಿದ್ದಳು. “ಒಂದ್ರಲ್ಲಿ ಮಗು ಬಾಗಿಲು ಹಾಕ್ಕೊಂಡು ಹಗಲೆಲ್ಲ ಮಲಗ್ಲಿ ಅಂತ ಆಸೆ. ಪಾಪ, ಕಣ್ಣೆಲ್ಲ ಒಳಗೆ ಹೋಗಿದೆ ಅದಕ್ಕೆ.”

ಹೀಗಿರುವಾಗ ಆ ವರ್ಷದ ಪಟ್ಟಿ ಬಂತು. ಕೋಣೆರಾಯ ಕೆಳಗಿನಿಂದ ಓದುವ ಅಭ್ಯಾಸದವನು. ಕೊನೆಯ ಹತ್ತರಲ್ಲಿ ಅಕ್ಕನ ಊರು ಕಾಣಲಿಲ್ಲ. ಇಪ್ಪತ್ತರಲ್ಲೂ ಇಲ್ಲ. ಬೆರಳಿಟ್ಟುಕೊಂಡು ಮೇಲೆ ಹೋದರೆ, ಅದು ಸಿರಿವಂತರ ಊರುಗಳ ನಡುವೆ ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಒಂದೇ ವರ್ಷದಲ್ಲಿ ಆ ಊರಿನ ಕೋಣೆಗಳು ಎರಡು ಪಟ್ಟಾಗಿದ್ದವು. ಹೊಸ ಮನೆ ಮಾತ್ರ ಒಂದೂ ಕಟ್ಟಿರಲಿಲ್ಲ.

ನಿರ್ದೇಶಕರು ಖುಷಿಯಲ್ಲಿ ಕನ್ನಡಕ ತೆಗೆದು ಒರೆಸುತ್ತಿದ್ದರು. “ನೋಡ್ರೀ, ನಾವು ಅಳೆದಿದ್ದಕ್ಕೇ ಜನ ಉದ್ಧಾರ ಆಗ್ತಾ ಇದಾರೆ. ಹೋಗಿ ಒಂದು ಪರಿಶೀಲನೆ ಮುಗಿಸಿ ಬನ್ನಿ. ಹೇಗೂ ವ್ಯಾಖ್ಯೆ ನಿಮ್ದೇ.”

ಸಂಬಂಧಿಕರ ಮನೆಯನ್ನು ಅಧಿಕಾರಿ ಅಳೆಯಕೂಡದು ಎಂಬ ನಿಯಮವಿತ್ತು. ಅಳೆದರೆ ಆ ಪರಿಶೀಲನೆ ಪೂರ್ತಿ ರದ್ದು, ಬೇರೆಯವರು ಹೋಗಿ ಹೊಸದಾಗಿ ಮಾಡಬೇಕು. ಕೋಣೆರಾಯ ಆ ಊರಲ್ಲಿ ಅಕ್ಕ ಇದ್ದಾಳೆಂದು ಬಾಯಿ ಬಿಡಲಿಲ್ಲ. ಅಷ್ಟು ದೊಡ್ಡ ಊರಲ್ಲಿ ಅವಳ ಮನೆಯೇ ಬರಬೇಕೆ? ಸುಳ್ಳು ಎಲ್ಲಿದೆಯೋ ಹಿಡಿದು, ಊರನ್ನು ಇದ್ದ ಜಾಗಕ್ಕೆ ಇಳಿಸಿ, ಅಕ್ಕನ ಮನೆ ಉಳಿಸಿ ಬಂದುಬಿಡೋಣ ಎಂದು ಅವನ ಲೆಕ್ಕಾಚಾರ. ಒಳ್ಳೆಯ ಉದ್ದೇಶದ ಕಳ್ಳತನಕ್ಕೆ ಎದೆ ಜೋರಾಗಿಯೇ ಬಡಿಯುತ್ತದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಅದೇ ಸದ್ದು.

ಊರಿನ ಆಯುಕ್ತರು ಬಸ್‌ನಿಲ್ದಾಣಕ್ಕೇ ಬಂದಿದ್ದರು. ಜೊತೆಗೆ ಕ್ಯಾಮೆರಾ ಹೊತ್ತ ಫೋಟೋದವನು, ಗುಮಾಸ್ತ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಬಡಗಿ.

“ಸಾರ್, ನಿಮ್ಮ ಸಾಲು ನಮಗೆ ವೇದವಾಕ್ಯ,” ಎಂದರು ಆಯುಕ್ತರು ಕೈಕುಲುಕುತ್ತ. “ಗೋಡೆಗೆ ಬರೆಸಿದೀವಿ ನೋಡಿ.”

ನಿಜವಾಗಿಯೂ ಬರೆಸಿದ್ದರು. ಪುರಸಭೆಯ ಕಾಂಪೌಂಡಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಮುಚ್ಚಲು ಬರುವ ಬಾಗಿಲು, ಮೇಲೇರುವ ಊರು!’ ಎಂದಿತ್ತು.

ಆಮೇಲೆ ಬೀದಿಗೆ ಇಳಿದರೆ ಗೊತ್ತಾಯಿತು. ಆ ಊರಿನಲ್ಲಿ ಪುರಸಭೆ ಮನೆಮನೆಗೂ ಬಾಗಿಲು ಹಂಚಿತ್ತು. ಮನೆಯಲ್ಲ, ಗೋಡೆಯಲ್ಲ, ಸೂರಲ್ಲ, ಬರೀ ಬಾಗಿಲು. ಜೊತೆಗೆ ಮರೆಗೆಂದು ನಾಲ್ಕು ಹಲಗೆ. ಒಂದು ಮನೆಯಲ್ಲಿ ಗಂಡನ ಮಂಚಕ್ಕೂ ಹೆಂಡತಿಯ ಮಂಚಕ್ಕೂ ನಡುವೆ ಬಾಗಿಲು ಬಂದು, ದೀಪ ಆರಿಸು ಅನ್ನಬೇಕಾದರೂ ತಟ್ಟಿ ಹೇಳಬೇಕಾಗಿತ್ತು. ಇನ್ನೊಂದರಲ್ಲಿ ಒಲೆಯ ಮುಂದೆಯೇ ಬಾಗಿಲು. ಅಡುಗೆಯವಳು ಒಳಗೆ ನಿಂತರೆ ಪಾತ್ರೆ ಹೊರಗೆ, ಪಾತ್ರೆ ಒಳಗಿಟ್ಟರೆ ಅಡುಗೆಯವಳು ಹೊರಗೆ. ಮೂರನೆಯ ಮನೆಯಲ್ಲಿ ಒಬ್ಬ ಮುದುಕರು ಬಟ್ಟೆ ಬೀರುವಿನಷ್ಟು ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಹೇಗಿದೆ ಅಜ್ಜ ಸ್ವಂತ ಕೋಣೆ?” ಎಂದು ಆಯುಕ್ತರು ಉಬ್ಬಿ ಕೇಳಿದರು.

“ಚೆನ್ನಾಗಿದೆ. ಎದ್ದು ಬರೋಕೆ ಇಬ್ಬರು ಬೇಕು ಅಷ್ಟೇ,” ಎಂದರು ಅಜ್ಜ. ಫೋಟೋದವನು ಫೋಟೋ ತೆಗೆದ.

ಕೋಣೆರಾಯ ಪ್ರತಿ ಬಾಗಿಲನ್ನೂ ತೆಗೆದ, ಮುಚ್ಚಿದ. ಎಲ್ಲವೂ ಮುಚ್ಚಿದವು. ಸುತ್ತ ಮರೆಯೂ ಇತ್ತು. ಸುಳ್ಳು ಹಿಡಿಯಲು ಬಂದವನಿಗೆ ಎಲ್ಲೂ ಸುಳ್ಳೇ ಸಿಗಲಿಲ್ಲ. ಅವನೇ ಬರೆದ ಸಾಲು ಬಾಗಿಲು ಬಾಗಿಲಿನಲ್ಲೂ ನಿಂತು ಅವನಿಗೇ ನಮಸ್ಕಾರ ಹೊಡೆಯುತ್ತಿತ್ತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವವರಿಗೆ ಅವನು ಚಾಪೆಯನ್ನೂ ತಾನೇ ಹಾಸಿಕೊಟ್ಟಿದ್ದ.

“ಈ ವರ್ಷ ನನಗೆ ಊಟಕ್ಕೂ ಪುರುಸೊತ್ತಿಲ್ಲ ಸಾರ್,” ಎಂದ ಬಡಗಿ ಕೃತಜ್ಞತೆಯಿಂದ. “ನಿಮ್ಮ ಹೆಸರು ಹೇಳಿ ಉಣ್ತಾ ಇದೀನಿ.”

“ಪುರುಸೊತ್ತಿಲ್ಲದೆ ಹೇಗೆ ಉಣ್ತೀಯಾ?” ಎಂದು ಗುಮಾಸ್ತ ಗೊಣಗಿದ.

ಕೊನೆಯದಾಗಿ ಒಳಹೊಕ್ಕು ವಿಚಾರಿಸಬೇಕಾದ ಮನೆಯನ್ನು ಕಂಪ್ಯೂಟರೇ ಆರಿಸುವ ಪದ್ಧತಿ. ಗುಮಾಸ್ತ ತನ್ನ ಕೈಯಲ್ಲಿದ್ದ ಯಂತ್ರವನ್ನು ಒತ್ತಿ ವಿಳಾಸ ಓದಿದ. ಅದು ಅಕ್ಕನ ಮನೆ.

ಹೇಳಿಬಿಡಬೇಕಾಗಿತ್ತು. ಬಾಯಿಯವರೆಗೂ ಬಂತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅಕ್ಕ ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಲಿ, ಸೋರುವ ಸೂರು, ಶೀತದ ಗೋಡೆ, ಮಗಳ ನಿದ್ದೆ, ಎಲ್ಲ. ಅವಳ ಬಾಯಿಂದ ಬಂದದ್ದನ್ನು ಈ ಆಯುಕ್ತರ ಎದುರಿಗೇ ಬರೆದುಕೊಳ್ಳುತ್ತೇನೆ. ಮನೆಯವರು ಹೇಳಿದ್ದೇ ಪ್ರಮಾಣ, ಅಧಿಕಾರಿ ತನ್ನದನ್ನು ಸೇರಿಸುವಂತಿಲ್ಲ ಎಂಬ ನಿಯಮವೂ ಅವನದೇ. ಅವನು ತುಟಿ ಹೊಲಿದುಕೊಂಡು ನಡೆದ.

ಆ ಬೀದಿಗೆ ಅವನು ಹೊಸಬನಲ್ಲ. ಎದುರುಮನೆಯ ಅಜ್ಜಿ ಅವನನ್ನು ಕಂಡದ್ದೇ “ಅಯ್ಯೋ, ಇವನು ನಮ್ಮ...” ಎಂದು ಬಾಯಿ ತೆರೆದರು. ಅಕ್ಕ ಹೊಸ್ತಿಲಲ್ಲಿ ನಿಂತು ಒಂದು ನೋಟ ಬೀರಿದಳು ನೋಡಿ, ಅಜ್ಜಿಯ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತಿತು.

“ಬನ್ನಿ ಸಾರ್, ಒಳಗೆ ಬನ್ನಿ,” ಎಂದಳು ಅಕ್ಕ ತಮ್ಮನಿಗೆ.

ಹುಟ್ಟಿದಾಗಿನಿಂದ ‘ಲೋ’ ಎಂದವಳು. ಅವನ ಕಿವಿ ಬಿಸಿಯಾಯಿತು. ಭಾವ ಹೊಲಿಗೆ ಮಿಷನ್ನಿನ ಹಿಂದಿನಿಂದ ಎದ್ದು, ಪರಿಚಯವೇ ಇಲ್ಲದವರ ಹಾಗೆ ಕೈಮುಗಿದು, ಎಲ್ಲಿ ನೋಡಬೇಕೋ ತಿಳಿಯದೆ ಸೂಜಿಗೆ ದಾರ ಪೋಣಿಸತೊಡಗಿದರು. ಅದರಲ್ಲಿ ದಾರ ಆಗಲೇ ಇತ್ತು.

ಮನೆ ಥಳಥಳ ಎನ್ನುತ್ತಿತ್ತು. ಹಾಸಿಗೆಗಳ ಸುಳಿವಿಲ್ಲ. ನೆಲ ಒರೆಸಿ ಇನ್ನೂ ಒದ್ದೆ. ಅಡುಗೆಮನೆಗೆ ಹೊಸ ಬಾಗಿಲು. ದೊಡ್ಡ ಕೋಣೆಯ ಒಂದು ಪಕ್ಕಕ್ಕೆ, ಬೀರುವಿನ ಪಕ್ಕದ ಪಟ್ಟಿಯಷ್ಟು ಜಾಗಕ್ಕೆ, ಹಲಗೆ ಹೊಡೆದು ಇನ್ನೊಂದು ಹೊಸ ಬಾಗಿಲು.

“ಎಷ್ಟು ಕೋಣೆ ಅಮ್ಮಾ?” ಎಂದ ಕೋಣೆರಾಯ.

“ಮೂರು ಸಾರ್.”

“ಸರಿಯಾಗಿ ನೋಡಿ ಹೇಳಿ.”

“ನಮ್ಮನೆ ನಮಗೆ ಗೊತ್ತಿರಲ್ವಾ ಸಾರ್? ಮೂರು.”

“ಸೂರು ಸೋರುತ್ತಾ?”

“ಒಂದು ಹನಿ ಇಲ್ಲ.”

“ಮತ್ತೆ ಆ ಮೂಲೇಲಿ ಬಕೆಟ್ ಯಾಕಿದೆ?”

“ಬಕೆಟ್ಟು ಇನ್ನೆಲ್ಲಿಡ್ಲಿ ಸಾರ್, ತಲೆ ಮೇಲಾ?”

ಫೋಟೋದವನು ಕಿಸಕ್ಕೆಂದ. ಆಯುಕ್ತರ ಮುಖ ಹಾಲು ಉಕ್ಕಿದಂತೆ ಉಕ್ಕುತ್ತಿತ್ತು. ಸರ್ಕಾರದ ಅಧಿಕಾರಿಯೊಬ್ಬ ನಿನ್ನ ಮನೆ ಕೆಟ್ಟದಾಗಿದೆ ಎಂದು ಒಪ್ಪಿಕೋ ತಾಯೀ ಎಂದು ಗೋಗರೆಯುವುದು, ಮನೆಯಾಕೆ ಅರಮನೆಯಾಗಿದೆ ಎಂದು ಹಟ ಹಿಡಿಯುವುದು, ಇಂಥ ವಿಚಾರಣೆ ಆ ಇಲಾಖೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ.

“ಗೋಡೆ ಮುಟ್ಟಿದ್ರೆ ಕೈ ಒದ್ದೆ ಆಗ್ತಿದೆಯಲ್ಲಾ?”

“ಈಗ ತಾನೇ ಒರೆಸಿದೆ ಸಾರ್.”

“ಗೋಡೆನಾ?”

“ಶುಚಿ ಇಷ್ಟ ನನಗೆ.”

“ಎಷ್ಟು ಜನ ಇರ್ತೀರಿ?”

“ನಾವಿಬ್ಬರು, ಮೂವರು ಮಕ್ಕಳು. ಐದು.”

ಐದು ನಿಜ. ಅದನ್ನಾದರೂ ನಿಜ ಹೇಳಿದಳಲ್ಲ ಎಂದು ಅವನು ಬರೆದುಕೊಂಡ. ಆದರೆ ಐದು ಜನಕ್ಕೆ ಮೂರು ಕೋಣೆ ಎಂದರೆ ಕೊರತೆಯೇ ಇಲ್ಲ. ಅಕ್ಕನ ಹೊಸ ಮನೆ ಅವನ ಪೆನ್ನಿನ ತುದಿಯಲ್ಲೇ ಜಾರಿಹೋಗುತ್ತಿತ್ತು. ಆಗ ಹಿತ್ತಲಿನ ಕಡೆಯಿಂದ ಯಾರೋ ಕೆಮ್ಮಿದರು. ಹಳೆಯ, ಎದೆಯ ತಳದಿಂದ ಬರುವ ಕೆಮ್ಮು. ಶುರುವಾದರೆ ನಿಲ್ಲುವ ಜಾತಿಯದಲ್ಲ.

“ಯಾರದು?”

“ಪಕ್ಕದ ಮನೆಯವರು ಸಾರ್,” ಎಂದಳು ಅಕ್ಕ ಥಟ್ಟನೆ. ಭಾವ ಸೂಜಿ ಚುಚ್ಚಿಕೊಂಡು “ಹಾ” ಎಂದರು.

ಕೋಣೆರಾಯ ತಡೆಯದಾದ. “ಆ ಮೂರನೇ ಕೋಣೆ ಒಳಗಿನಿಂದ ಮುಚ್ಚುತ್ತಾ ಅಂತ ನೋಡ್ಬೇಕು. ಬನ್ನಿ, ತೋರಿಸಿ,” ಎಂದು ಹಲಗೆಯ ಬಾಗಿಲು ತೆಗೆದು ಒಳಹೊಕ್ಕ. ಅಕ್ಕನೂ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡಳು. ಬಾಗಿಲು ಮುಚ್ಚಿತು. ಇಬ್ಬರಿಗೂ ಅಲ್ಲಿ ಮೂಗಿಗೆ ಮೂಗು ತಾಗುವಷ್ಟೇ ಜಾಗ. ಹಲಗೆಯ ಸಂದಿಯಿಂದ ಬೆಳಕಿನ ಗೆರೆಗಳು ಅವಳ ಮುಖದ ಮೇಲೆ ಬಿದ್ದಿದ್ದವು.

“ಅಕ್ಕಾ, ತಲೆ ಕೆಟ್ಟಿದೆಯಾ ನಿನಗೆ?” ಎಂದ ಅವನು ಪಿಸುಮಾತಿನಲ್ಲೇ ಕಿರುಚುತ್ತ. “ಇದ್ದದ್ದು ಹೇಳೇ. ಊರು ಮೇಲೆ ಹೋದ್ರೆ ನಿನ್ನ ಮನೆ ಹೋಯ್ತು, ಗೊತ್ತಾ?”

“ಗೊತ್ತು.”

“ಗೊತ್ತಿದ್ದೂ?”

“ಹೊರಗೆ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದಾನೆ. ಬೀದಿಗೆಲ್ಲ ಗೊತ್ತು ನೀನು ನನ್ನ ತಮ್ಮ ಅಂತ. ದೇಶದ ಮನೆಗಳ್ನೆಲ್ಲ ಅಳೆಯೋನು, ಸ್ವಂತ ಅಕ್ಕನ ಮನೆ ನೋಡಿ ಹೇಗಿದೆ ಅಂತ ನಾಳೆ ಪೇಪರಲ್ಲಿ ಹಾಕಿ ನಗಾಡಲ್ವಾ? ಮನೆ ಇವತ್ತಲ್ಲ ನಾಳೆ ಬರುತ್ತೆ ಕಣೋ. ಆಫೀಸಲ್ಲಿ ನಿನ್ನ ಮಾನ ಹೋದ್ರೆ ನಾನು ತಂದುಕೊಡಕ್ಕಾಗುತ್ತಾ?”

ಹೊರಗೆ ಮತ್ತೆ ಅದೇ ಕೆಮ್ಮು.

“ಅದ್ಯಾರು ಹೇಳು, ನಿಜವಾಗ್ಲೂ.”

ಅಕ್ಕ ಮುಖ ತಿರುಗಿಸಲು ನೋಡಿದಳು. ಅದಕ್ಕೂ ಅಲ್ಲಿ ಜಾಗವಿರಲಿಲ್ಲ. “ನಮ್ಮತ್ತೆ.”

“ನಿಮ್ಮತ್ತೆ ದೊಡ್ಡ ಮಗನ ಮನೇಲಿದಾರೆ ಅಂದಿದ್ದೆ?”

“ನಾಲ್ಕು ವರ್ಷದಿಂದ ಇಲ್ಲೇ ಇದಾರೆ. ನಾದಿನಿನೂ ಇದಾಳೆ, ಗಂಡ ಬಿಟ್ಟಾಗಿಂದ. ನೀನು ಬರ್ತೀಯಾ ಅಂದಾಗೆಲ್ಲ ಇಬ್ಬರನ್ನೂ ಹಿತ್ತಲಿಂದ ಆಚೆ ಮನೆಗೆ ಕಳಿಸ್ತಿದ್ದೆ. ಇವತ್ತೂ ನೀನು ಊರಲ್ಲಿ ಮನೆಮನೆ ನೋಡ್ತಿದೀಯಾ ಅಂತ ಗೊತ್ತಾದ ಕೂಡ್ಲೇ ಹಾಗೇ ಮಾಡ್ದೆ. ಹಾಸಿಗೆ ಎಲ್ಲ ಎದುರುಮನೆ ಅಜ್ಜಿ ಹತ್ರ. ವರ್ಷಕ್ಕೊಂದ್ಸಲ ಬರ್ತೀಯಾ, ಬಂದವನಿಗೆ ಬೇಜಾರು ಮಾಡಿ ಕಳಿಸ್ಲಾ?”

ಏಳು ಜನ. ದೀಪದ ಕೆಳಗೆ ಕತ್ತಲು ಎನ್ನುವ ಮಾತನ್ನು ಅವನು ಭಾಷಣಗಳಲ್ಲಿ ಎಷ್ಟೋ ಸಲ ಬಳಸಿದ್ದ, ಪಕ್ಕದ ಇಲಾಖೆಯವರ ಬಗ್ಗೆ. ಪ್ರತಿ ಸಲ ಬಂದಾಗಲೂ ಈ ಮನೆಯ ಮಂಚದ ಮೇಲೆ ಕಾಲು ಚಾಚಿ ಕೂತು, ಪರವಾಗಿಲ್ಲ ಅಕ್ಕಾ, ಇಕ್ಕಟ್ಟಾದರೂ ಅಚ್ಚುಕಟ್ಟಾಗಿ ಇಟ್ಟಿದ್ದೀಯ ಎಂದು ಹೊಗಳಿ ಹೋದವನು ಅವನೇ.

“ಮತ್ತೆ ನೀನೆಲ್ಲಿ ಮಲಗ್ತೀಯಾ?”

“ಇಲ್ಲೇ. ನಾನೂ ನಾದಿನಿನೂ, ಈ ಪಟ್ಟೀಲೇ.” ಅವಳು ಕೈಯಿಂದ ತೋರಿಸಲು ಹೋಗಿ ಹಲಗೆಗೆ ಮೊಣಕೈ ಬಡಿದುಕೊಂಡಳು. “ಮುಂಚೆ ಆ ಗೋಡೆಗೆ ತಲೆ ಇಟ್ಟು, ಮಿಷನ್ ಕೆಳಗೆ ಕಾಲು ಚಾಚ್ತಿದ್ವಿ. ಈಗ ಕೂತ್ಕೊಂಡೇ ನಿದ್ದೆ. ಬಾಗಿಲು ಬರೋ ತನಕ ಕಾಲು ಚಾಚಕ್ಕಾಗ್ತಿತ್ತು.”

ದೂರಿನ ದನಿಯಲ್ಲ ಅದು. ತರಕಾರಿ ಬೆಲೆ ಏರಿತು ಎನ್ನುವ ಹಾಗೆ ಹೇಳಿದಳು. ಅವನು ಬರೆದ ಆ ಒಂದು ಸಾಲು, ಅವನಿಗೆ ಹೆಸರು ತಂದ ಸಾಲು, ಇಲ್ಲಿಗೆ ಬಂದು ತನ್ನಕ್ಕನ ಕಾಲು ಮಡಚಿಸಿತ್ತು.

ಹೊರಗೆ ನಿಂತವರಿಗೆ ಬಾಗಿಲು ತೆರೆದದ್ದು ಕಾಣಿಸಿತು. ಮೊದಲು ಹೊರಬಂದವಳು ಮನೆಯಾಕೆ. ಅವಳ ಹಿಂದೆ ಅಧಿಕಾರಿ ಬರಬೇಕಿತ್ತು, ಬಂದದ್ದು ಅಧಿಕಾರಿಯ ಎರಡು ಕಾಲು. ಕಾಲುಚೀಲ ಹಾಕಿದ ಕಾಲುಗಳು ಬಾಗಿಲಿನಿಂದ ಹೊರಟು ಹೊಲಿಗೆ ಮಿಷನ್ನಿನ ಕೆಳಗೆ ಚಾಚಿಕೊಂಡವು. ಒಳಗೆ, ಗೋಡೆಗೆ ತಲೆಯಿಟ್ಟು, ಕೋಣೆರಾಯ ಅಂಗಾತ ಮಲಗಿದ್ದ.

“ಸಾರ್! ತಲೆಸುತ್ತು ಬಂತಾ?” ಎಂದು ಆಯುಕ್ತರು ಧಾವಿಸಿದರು.

“ಇಲ್ಲ. ಬಾಗಿಲು ಮುಚ್ಚಿ.”

ಯಾರೂ ಅಲುಗಾಡಲಿಲ್ಲ. “ಬಡಗಿಯವರೇ, ಮುಚ್ಚಿ ಅಂದೆ.”

ಬಡಗಿ ವಿಧೇಯ ಮನುಷ್ಯ. ಮೆಲ್ಲಗೆ ನೂಕಿದ. ಬಾಗಿಲು ಅಧಿಕಾರಿಯ ಮೊಣಕಾಲ ಕೆಳಗೆ ಬಡಿದು ನಿಂತಿತು. ಇನ್ನೊಂದು ಸಲ, ಸ್ವಲ್ಪ ಜೋರಾಗಿ. “ಅಯ್ಯೋ” ಎಂದಿತು ಒಳಗಿನ ದನಿ. “ಮುಚ್ಚಿತಾ?”

“ಕಾಲು ಅಡ್ಡ ಬರ್ತಿದೆ ಸಾರ್.”

“ಮುಚ್ಚಿತೋ ಇಲ್ವೋ?”

“ಇಲ್ಲ ಸಾರ್.”

“ಮುಚ್ಚಲು ಬರಲಿಲ್ಲ ಅಂದ್ಮೇಲೆ ಇದು ಕೋಣೆ ಅಲ್ಲ,” ಎಂದು ನೆಲದ ಮೇಲಿಂದಲೇ ತೀರ್ಪು ಬಂತು.

ಆಯುಕ್ತರು ಬಡ್ತಿಯನ್ನು ಅಷ್ಟು ಸುಲಭಕ್ಕೆ ಕೈಬಿಡುವವರಲ್ಲ. ಬಗ್ಗಿ, ಬಾಗಿಲ ಸಂದಿಯಲ್ಲಿ ಮುಖ ತೂರಿಸಿ, ವಿನಯದಿಂದ ಹೇಳಿದರು: “ಕ್ಷಮಿಸಿ ಸಾರ್. ವ್ಯಾಖ್ಯೆಯಲ್ಲಿ ಮಲಗೋ ಮಾತೇ ಇಲ್ಲ. ನಿಂತ್ಕೊಂಡ್ರೆ ಮುಚ್ಚುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರೇ ಹೇಳಿದಾರೆ.”

ಅದು ನಿಜವಾಗಿತ್ತು. ಸಾಲಿನಲ್ಲಿ ಮಲಗುವ ಮಾತು ಇರಲಿಲ್ಲ. ಜನ ಮನೆಯಲ್ಲಿ ಮಲಗುತ್ತಾರೆ ಎಂಬುದು ಇಡೀ ಇಲಾಖೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೋಣೆರಾಯ ಎದ್ದು ಕೂತ. ಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದ. ಅಕ್ಕ ಕಣ್ಣಲ್ಲೇ ‘ಬೇಡ’ ಎನ್ನುತ್ತಿದ್ದಳು. ಅವನು ಅವಳ ಪಕ್ಕಕ್ಕೆ ಹೋಗಿ ನಿಂತ.

“ಹೌದು, ಸಾಲು ಹಾಗೇ ಇದೆ. ಅದ್ರ ಪ್ರಕಾರ ನೀವು ಮಾಡಿದ್ದು ಸರಿ. ಆದ್ರೆ ನಾನು ಈ ಮನೆ ಅಳೆಯೋ ಹಾಗೇ ಇರ್ಲಿಲ್ಲ. ಇವಳು ನನ್ನ ಅಕ್ಕ. ಹೇಳದೆ ಬಂದಿದ್ದು ನನ್ನ ತಪ್ಪು. ಹಿತ್ತಿಲಲ್ಲಿ ಕೆಮ್ತಾ ಇರೋದು ಇವಳ ಅತ್ತೆ. ಈ ಮನೇಲಿ ಏಳು ಜನ ಇದಾರೆ. ಈ ಪರಿಶೀಲನೆ ರದ್ದು.”

ಕ್ಯಾಮೆರಾ ಕ್ಲಿಕ್ಕೆಂದಿತು. ಅಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು. “ಮಾನ ಕಳೆದೆಯಲ್ಲೋ,” ಎಂದಳು. ಊರ ಮುಂದೆ, ಜೋರಾಗಿ, ‘ಲೋ’ ಸಮೇತ. ಅವನ ಎದೆ ಎಷ್ಟೋ ಹಗುರಾಯಿತು.

“ಈಗ ನಾನು ಅಧಿಕಾರಿ ಅಲ್ಲ,” ಎಂದ ಅವನು ಆಯುಕ್ತರಿಗೆ. “ಬರೀ ತಮ್ಮ. ಅಕ್ಕನ ಮನೇಲಿ ತಮ್ಮ ಒಂದು ಬಾಗಿಲು ಬಿಚ್ಚೋಕೆ ಯಾರದೂ ಅಪ್ಪಣೆ ಬೇಡ ಅಲ್ವಾ?” ಎಂದವನೇ ಬಡಗಿಯ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

“ಸಾರ್, ಅದು ಪುರಸಭೆ ಆಸ್ತಿ!”

“ತಗೊಂಡು ಹೋಗಿ.”

“ಒಂದು ಕೋಣೆ ಕಡಿಮೆ ಆಗುತ್ತೆ ಸಾರ್!”

ಜೀವಮಾನವೆಲ್ಲ ಪೆನ್ನು ಹಿಡಿದ ಕೈ. ಸ್ಕ್ರೂ ತಿರುಗಿಸಲು ಬಾರದೆ ಎರಡು ಸಲ ಜಾರಿತು. ಮೂರನೆಯ ಸಲ ಭಾವ ಎದ್ದು ಬಂದು, ಕೈಯಿಂದ ಕಿತ್ತುಕೊಂಡು, ತಾವೇ ಬಿಚ್ಚಿದರು. ಹಲಗೆಗಳು ಕಳಚಿದವು. ಪಟ್ಟಿಯಷ್ಟು ಜಾಗ ಮತ್ತೆ ಕೋಣೆಗೆ ಸೇರಿಕೊಂಡಿತು. ಭಾವ ಬಾಗಿಲನ್ನು ಹೊತ್ತುಕೊಂಡು ಹೋಗಿ ಬೀದಿಯ ಗೋಡೆಗೆ ಒರಗಿಸಿದರು.

ಎದುರುಮನೆಯ ಅಜ್ಜಿ ಅದನ್ನು ನೋಡಿದರು. ಬಾಗಿಲನ್ನು ನೋಡಿದರು, ಬಡಗಿಯನ್ನು ನೋಡಿದರು. “ಏನಪ್ಪಾ, ಹಾಗೇ ನಮ್ಮನೇದೂ ಬಿಚ್ಚಿಬಿಡು. ಅದನ್ನ ಸುತ್ತಿ ಬಚ್ಚಲಿಗೆ ಹೋಗೋಷ್ಟರಲ್ಲಿ ನನಗೆ ಅರ್ಧ ಆಯಸ್ಸು ಹೋಗುತ್ತೆ,” ಎಂದರು. ಅವರ ಪಕ್ಕದ ಮನೆಯವಳು ನಮ್ಮದೂ ಎಂದಳು. ಬಿಚ್ಚಬಾರದು ಎಂದು ಪುರಸಭೆಯವರು ಹೆದರಿಸಿದ್ದಾರೆಂದೇ ಅವರೆಲ್ಲ ಇಷ್ಟು ದಿನ ಸುಮ್ಮನಿದ್ದದ್ದು. ಸರ್ಕಾರದ ಅಧಿಕಾರಿಯೇ ಬಿಚ್ಚಿದ ಮೇಲೆ ಇನ್ಯಾರಪ್ಪನ ಭಯ? ಹಾಕುವುದಕ್ಕೂ ಕೂಲಿ, ಬಿಚ್ಚುವುದಕ್ಕೂ ಕೂಲಿ ಎಂದು ಲೆಕ್ಕ ಹಾಕಿದ ಬಡಗಿ ಆಯುಕ್ತರ ಮುಖ ನೋಡುವುದನ್ನೇ ಬಿಟ್ಟ. ಸಂಜೆಯ ಹೊತ್ತಿಗೆ ಊರಿನ ಬೀದಿಬೀದಿಯಲ್ಲೂ ಎರಡೂ ಕಡೆ ಬಾಗಿಲುಗಳು ಸಾಲಾಗಿ ಗೋಡೆಗೊರಗಿ ನಿಂತಿದ್ದವು. ಮಕ್ಕಳು ಅವನ್ನು ತಟ್ಟಿ “ಯಾರಿದ್ದೀರಾ ಒಳಗೆ?” ಎಂದು ಕೂಗಿ ಓಡುತ್ತಿದ್ದರು. ಕೆಲವೇ ಗಂಟೆಗಳಲ್ಲಿ ಊರು ಸಿರಿವಂತರ ಸಾಲಿನಿಂದ ದಬದಬನೆ ಕೆಳಗುರುಳಿತು. ಬೀಳುವಾಗ ಅಷ್ಟು ನಗುನಗುತ್ತ ಬಿದ್ದ ಊರು ಇನ್ನೊಂದಿರಲಾರದು.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ನಿರ್ದೇಶಕರು ಕೋಣೆರಾಯನನ್ನು ಕರೆಸಿ ಚೆನ್ನಾಗಿ ಉಗಿದರು. ಸಂಬಂಧ ಮುಚ್ಚಿಟ್ಟದ್ದಕ್ಕೆ ಅವನನ್ನು ಬೀದಿದೀಪ ಎಣಿಸುವ ವಿಭಾಗಕ್ಕೆ ಎತ್ತಿಹಾಕಿದರು. ಕೋಣೆಯಲ್ಲಿ ಮನುಷ್ಯರು ಮಲಗುತ್ತಾರೆಯೇ, ಮಲಗಿದರೆ ಕಾಲು ಚಾಚುವುದು ಅಗತ್ಯವೋ ಐಷಾರಾಮವೋ ಎಂದು ತೀರ್ಮಾನಿಸಲು ಒಂದು ಸಮಿತಿ ನೇಮಕವಾಯಿತು. ಸಮಿತಿ ಅಧ್ಯಯನಕ್ಕೆಂದು ಬೆಟ್ಟದ ಮೇಲಿನ ದೊಡ್ಡ ಹೋಟೆಲಿಗೆ ಹೋಗಿ ಒಂದು ವಾರ ಮಲಗಿ ಬಂತು. ಅವರ ವರದಿ ಇನ್ನೂ ಬರಬೇಕು. ಅಷ್ಟರಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲದ ಕಿರಿಯ ಸಹೋದ್ಯೋಗಿ ಆ ಊರಿಗೆ ಹೋಗಿ ಹೊಸದಾಗಿ ಅಳೆದು ಬಂದಳು. ಅಳೆಯಲು ಅಲ್ಲಿ ಆ ಹೊಸ ಬಾಗಿಲುಗಳೇ ಇರಲಿಲ್ಲ. ಊರು ತನ್ನ ಹಳೆಯ ಜಾಗಕ್ಕೆ, ಕೊನೆಯ ಹತ್ತರೊಳಕ್ಕೆ, ಬಂದು ಕೂತಿತು. ಬೆಳ್ಳಿಯ ಫಲಕ ಬೇರೆ ಊರಿನ ಪಾಲಾಯಿತು. ಆ ಊರಿನವರು ಸೋರುವ ಸೂರಿಗೆಲ್ಲ ‘ಮಳೆನೀರು ಸಂಗ್ರಹ’ ಎಂದು ಬರೆಸಿಕೊಂಡಿದ್ದರಂತೆ.

ಹೊಸ ಮನೆಗಳಿಗೆ ಪಾಯ ತೋಡಿದ ಸುದ್ದಿಯನ್ನು ಭಾವ ಫೋನು ಮಾಡಿ ತಿಳಿಸಿದರು. ಅಕ್ಕ ಮಾತಾಡಲಿಲ್ಲ. ಮಾನದ ವಿಷಯಕ್ಕೆ ಅವಳ ಸಿಟ್ಟು ಇಳಿದಿರಲಿಲ್ಲ. ಅವನ ಫೋಟೋ ಪೇಪರಿನಲ್ಲಿ ಬಂದಿತ್ತು, ಕೆಳಗಡೆ ‘ಅಕ್ಕನ ಮನೆ ಅಳೆದ ಅಧಿಕಾರಿ’ ಎಂದು ಬರೆದಿದ್ದರು. ಅವನು ಎರಡು ವಾರ ಕಾದ. ಆಮೇಲೆ ಒಂದು ರಜೆಯ ದಿನ, ಬರುತ್ತೇನೆಂದು ಮುಂಚೆ ತಿಳಿಸದೆ, ಹೊರಟುಬಿಟ್ಟ.

ಬಾಗಿಲು ತೆರೆದೇ ಇತ್ತು. ಮಂಚದ ತುಂಬ ಅತ್ತೆ, ಕೆಮ್ಮಿನ ಔಷಧಿ, ಕಂಬಳಿ. ನೆಲದಲ್ಲಿ ಮಗಳು ತಲೆಯ ಮೇಲೆ ದುಪ್ಪಟಿ ಎಳೆದುಕೊಂಡು ಹಗಲುನಿದ್ದೆಯಲ್ಲಿದ್ದಳು. ಅವಳ ಕಾಲ ಬುಡದಲ್ಲಿ ನಾದಿನಿ ತರಕಾರಿ ಹೆಚ್ಚುತ್ತಿದ್ದಳು. ಗಂಡುಮಕ್ಕಳು ಹಾಸಿಗೆಯ ಸುರುಳಿಗಳ ಮೇಲೆ ಕೂತು ಓದುತ್ತಿದ್ದರು. ಮಿಷನ್ನು ಕಟಕಟ ಎನ್ನುತ್ತಿತ್ತು. ಮೂಲೆಯ ಬಕೆಟ್ಟಿಗೆ ಸೂರಿನಿಂದ ಹನಿ ಬೀಳುತ್ತಿತ್ತು. ಹಿತ್ತಲ ಕಡೆಗೆ ಯಾರೂ ಎದ್ದು ಓಡಲಿಲ್ಲ.

ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಹೊಸ್ತಿಲ ಮೇಲೆ ನಿಂತಿದ್ದ ತಮ್ಮನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಸುತ್ತ ಕಣ್ಣಾಡಿಸಿದಳು.

“ಒಳಗೆ ಕೂರೋಕೆ ಜಾಗ ಇಲ್ಲ ಕಣೋ. ಅಲ್ಲೇ ನಿಂತ್ಕೊಂಡು ಟೀ ಕುಡಿ,” ಎಂದಳು.

ಅವನು ಹೊಸ್ತಿಲಲ್ಲೇ ನಿಂತು, ಒಂದು ಭುಜ ಒಳಗೆ ಒಂದು ಭುಜ ಹೊರಗೆ ಇಟ್ಟುಕೊಂಡು, ಬಿಸಿ ಲೋಟ ಹಿಡಿದು ಟೀ ಕುಡಿದ. ಅವನಿಗೆ ಅಳುವೂ ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಅಕ್ಕ ತನ್ನ ಮನೆಯಲ್ಲಿ ಜಾಗವಿಲ್ಲ ಎಂದು ಅವನಿಗೆ ಹೇಳಿದ್ದು ಅದೇ ಮೊದಲು.